ಎರೆಹುಳು, ಬಸವನಹುಳು, ರೇಷ್ಮೆಹುಳು: ದ್ವಿಭಾಷಾ ತರಗತಿಯಲ್ಲಿ ಪ್ರಾಣಿಗಳ ಗುಂಪು ಕಲಿಸುವುದು ಹೇಗೆ?

ಹಿಪ್ಪುನೇರಳೆ (ಶಿಡ್ಲಘಟ್ಟ ಕಡೆ, ಐದನೇ ತರಗತಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಪ್ರಾಥಮಿಕ ಶಾಲೆ. 2019–20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದರಲ್ಲ, ಅಂಥದೇ ಒಂದು ವಿಭಾಗದಲ್ಲಿ ಪರಿಸರ ಅಧ್ಯಯನ ಕಲಿಸುತ್ತೇನೆ. ಪಾಠ ಕನ್ನಡ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ತೆಲುಗು. ಹೀಗಾಗಿ ದ್ವಿಭಾಷೆ ಎನ್ನುವುದು ಹೆಸರಿಗೆ ಮಾತ್ರ, ತರಗತಿಯೊಳಗೆ ಮೂರು ಭಾಷೆಗಳು ಓಡಾಡುತ್ತವೆ.

ಕಳೆದ ವಾರ ಹದಿನೆಂಟು ಪ್ರಾಣಿಗಳ ಚಿತ್ರಗಳನ್ನು ಕೊಟ್ಟು, ಹೆಸರು ಹೇಳಿ ಗುಂಪು ಮಾಡಿ ಎಂದೆ. ಒಂದು ತಂಡ ಎರೆಹುಳು, ಬಸವನಹುಳು, ರೇಷ್ಮೆಹುಳು, ಜೇನುಹುಳು ಎಲ್ಲವನ್ನೂ ಒಂದೇ ಕಡೆ ಇಟ್ಟಿತು. ಮೇಲೆ ಹಾವನ್ನೂ ತಂದು ಸೇರಿಸಿತು. ಹಾವು ಏಕೆ ಎಂದು ಕೇಳಿದರೆ, ಹುಡುಗ ಹೇಳಿದ: “ನಮ್ಮ ಅಜ್ಜಿ ರಾತ್ರಿ ಹೊತ್ತು ಹಾವು ಎನ್ನಬಾರದು, ಹುಳ ಎನ್ನಬೇಕು ಎನ್ನುತ್ತಾರೆ ಮಿಸ್.” ತೆಲುಗು ಮಾತನಾಡುವ ಮಕ್ಕಳ ತಂಡ ಎರೆಹುಳುವನ್ನು ಒಯ್ದು ನೇರವಾಗಿ ಹಾವಿನ ಪಕ್ಕ ಇಟ್ಟಿತು, ಏಕೆಂದರೆ ತೆಲುಗಿನಲ್ಲಿ ಅದು ವಾನಪಾಮು, ಅಂದರೆ ಮಳೆಹಾವು. ಇಂಗ್ಲಿಷ್ ಹೆಸರುಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದ ಇಬ್ಬರು ಸ್ಟಾರ್‌ಫಿಶ್, ಜೆಲ್ಲಿಫಿಶ್ ಎರಡನ್ನೂ ಮೀನಿನ ಗುಂಪಿಗೆ ಹಾಕಿದರು. ಮೈನಾ ಹಕ್ಕಿಯ ಚಿತ್ರವನ್ನು ಮಾತ್ರ ಯಾರೂ ಮುಟ್ಟಲಿಲ್ಲ. “ಅದು ಪ್ರಾಣಿಯಲ್ಲ, ಪಕ್ಷಿ” ಎಂದು ಎಲ್ಲರೂ ಒಟ್ಟಾಗಿ ಹೇಳಿದರು.

ಮರುದಿನ, ಆರು ಕಾಲಿದ್ದರೆ ಕೀಟ ಎಂದು ಹೇಳಿಕೊಟ್ಟೆ. ನಮ್ಮೂರಿನಲ್ಲಿ ಮನೆಮನೆಗೂ ರೇಷ್ಮೆಹುಳು ಮೇಯಿಸುತ್ತಾರೆ. ಅದರ ಮರುದಿನ ಒಬ್ಬ ಹುಡುಗಿ ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುವೊಂದನ್ನು ಸೊಪ್ಪಿನಲ್ಲಿ ಸುತ್ತಿಕೊಂಡು ಬಂದಳು. ಎಣಿಸಿ ತೋರಿಸಿದಳು: ಹದಿನಾರು. “ಹದಿನಾರು ಕಾಲು ಇವೆ ಮಿಸ್. ಹಾಗಾದರೆ ಇದು ಕೀಟವಲ್ಲ.” ಅವಳು ಎಣಿಸಿದ್ದು ತಪ್ಪಾಗಿರಲಿಲ್ಲ, ನಾನೇ ಎರಡು ಸಲ ಎಣಿಸಿದೆ. ಉತ್ತರ ಹೊಳೆಯದೆ ನಾಳೆ ಹೇಳುತ್ತೇನೆ ಎಂದು ಕಳುಹಿಸಿದೆ. ಮಕ್ಕಳಿಗೆ ನಾಳೆ ಎಂದು ಹೇಳಿ ಸುಮ್ಮನಾಗುವುದು ನನ್ನಿಂದಾಗದು. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಹಳೆಯ ಪ್ರಯೋಗಶಾಲೆ (ಮೈಸೂರು, ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ)

ಮೇಡಂ, ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಪುಸ್ತಕದ ಮಾತನ್ನು ಹುಳುವಿನ ಮೈಮೇಲೆ ಪರೀಕ್ಷಿಸಿ ನೋಡಿದ್ದಾಳೆ. ಇದಕ್ಕಿಂತ ದೊಡ್ಡ ವಿಜ್ಞಾನ ಪಾಠ ಐದನೇ ತರಗತಿಗೆ ಬೇಕಿಲ್ಲ.

ಉತ್ತರ ಹೀಗಿದೆ. ತಲೆಯ ಹಿಂದಿನ ಮೂರು ಉಂಗುರಗಳಲ್ಲಿ ಮೂರು ಜೊತೆ ಕಾಲುಗಳಿವೆ. ಅವು ಚೂಪಾಗಿ, ಗಟ್ಟಿಯಾಗಿ, ಕೀಲುಕೀಲಾಗಿ ಇರುತ್ತವೆ. ನಿಜವಾದ ಕಾಲುಗಳು ಈ ಆರೇ. ಹುಳು ಎಲೆಯ ಅಂಚನ್ನು ಹಿಡಿದು ಕತ್ತರಿಸುವಾಗ ನೋಡಿದರೆ, ಕೈಯಲ್ಲಿ ಹಿಡಿದಂತೆ ಇವುಗಳಿಂದಲೇ ಹಿಡಿದಿರುತ್ತದೆ. ಹಿಂದೆ ಹೊಟ್ಟೆಯ ಭಾಗದಲ್ಲಿ ನಾಲ್ಕು ಜೊತೆ, ಬಾಲದ ತುದಿಯಲ್ಲಿ ಒಂದು ಜೊತೆ, ಒಟ್ಟು ಹತ್ತು ಮೆತ್ತನೆಯ ತೊಗಲಿನ ಗುಬುಟುಗಳಿವೆ. ಅವು ಹುಳು ಕಡ್ಡಿಗೆ ಅಂಟಿಕೊಂಡಿರಲು ನೆರವಾಗುವ ಹುಸಿಗಾಲುಗಳು. ಚಿಟ್ಟೆಯಾದಾಗ ಹುಸಿಗಾಲು ಹತ್ತೂ ಇರುವುದಿಲ್ಲ, ಉಳಿಯುವುದು ಆರೇ. ಆ ಹುಡುಗಿಗೆ ಒಂದು ಗೂಡನ್ನು ಮಾರದೆ ಇಟ್ಟುಕೊಳ್ಳಲು ಹೇಳಿ. ಹತ್ತು ಹನ್ನೆರಡು ದಿನಗಳಲ್ಲಿ ತಾನೇ ಎಣಿಸಿಕೊಳ್ಳುತ್ತಾಳೆ.

ಇನ್ನು ಆ “ಹುಳುಗಳ ರಾಶಿ”. ಮಕ್ಕಳು ದಡ್ಡತನದಿಂದ ಹಾಗೆ ಮಾಡಿದರೆಂದು ಯಾರೂ ಭಾವಿಸಬಾರದು. ವರ್ಗೀಕರಣದ ಪಿತಾಮಹ ಎಂದು ನಾವು ಹೇಳಿಕೊಡುವ ಕಾರ್ಲ್ ಲಿನೇಯಸ್ 1758ರಲ್ಲಿ ಪ್ರಾಣಿಗಳನ್ನು ಆರು ವರ್ಗ ಮಾಡಿದ. ಅದರಲ್ಲಿ ಕೊನೆಯದು ವರ್ಮೀಸ್. ಲ್ಯಾಟಿನ್‌ನಲ್ಲಿ ಅದರ ಅರ್ಥ ಹುಳುಗಳು. ಅದರೊಳಗೆ ಎರೆಹುಳು, ಬಸವನಹುಳು, ನಕ್ಷತ್ರಮೀನು, ಜೆಲ್ಲಿಮೀನು ಎಲ್ಲ ಇದ್ದವು. ಕೀಟಗಳ ವರ್ಗದಲ್ಲಿ ಜೇಡ, ಚೇಳು, ಏಡಿಗಳೂ ಇದ್ದವು. 1735ರ ಮೊದಲ ಆವೃತ್ತಿಯಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆಗಿಟ್ಟಿದ್ದವನು, 1758ರಲ್ಲಿ ಅದನ್ನು ಹಾಲೂಡಿಸುವ ಪ್ರಾಣಿಗಳ ಜೊತೆ ಸೇರಿಸಿದ. ಆ ಹುಳುಗಳ ಗಂಟನ್ನು ಬಿಡಿಸುವ ಕೆಲಸಕ್ಕೆ ಲಾಮಾರ್ಕ್ ಬರಬೇಕಾಯಿತು, ಸುಮಾರು ಅರ್ಧ ಶತಮಾನದ ನಂತರ. ನಿಮ್ಮ ಮಕ್ಕಳು ಒಂದು ವಾರದಲ್ಲಿ ತಡವರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮೀನುಪೇಟೆ (ಉಡುಪಿ ಕಡೆ, ನಾಲ್ಕು ಮತ್ತು ಐದನೇ ತರಗತಿ)

ಟೀಚರ್, ನಿಮ್ಮ ಬರಹ ಓದಿ ನಮ್ಮ ತರಗತಿಯನ್ನೇ ಕಂಡಂತಾಯಿತು. ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಕುಂದಾಪುರ ಕನ್ನಡ. ತುಳುವಿನ “ಪುರಿ”ಯೂ ನಿಮ್ಮ ಹುಳುವಿನ ಹಾಗೆಯೇ, ಎಲ್ಲವನ್ನೂ ನುಂಗುತ್ತದೆ. ಆದರೆ ಕಡಲ ಕರೆಯಲ್ಲಿ ನಮಗೆ ದೊಡ್ಡ ಸಮಸ್ಯೆ “ಮೀನು”. ಮೀನಿನ ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ಮಕ್ಕಳಿಗೆ ಮೀನು: ಬಂಗುಡೆ, ಬೂತಾಯಿ, ಸೀಗಡಿ, ಏಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಒಂದು ಬಗೆಯ ಚಿಪ್ಪುಜೀವಿ). ಊಟದ ಲೆಕ್ಕದಲ್ಲಿ ಅದು ಸರಿಯಾದ ಗುಂಪೇ ಅಲ್ಲವೇ?

ಬೆನ್ನುಮೂಳೆಯ ಪಾಠದಲ್ಲಿ ಒಬ್ಬ ಹುಡುಗ ಎದ್ದು ನಿಂತು “ಮೀನಿಗೆ ಮೂಳೆ ಇಲ್ಲ” ಎಂದ. ನನಗೆ ಅಚ್ಚರಿ. ದಿನವೂ ಮೀನು ತಿನ್ನುವ ಮನೆಯ ಹುಡುಗ. ಏಕಪ್ಪ ಎಂದು ಕೇಳಿದರೆ, “ಮೀನಿಗೆ ಇರುವುದು ಮುಳ್ಳು ಟೀಚರ್, ಮೂಳೆ ಇರುವುದು ಕೋಳಿಗೆ.” ಅಲ್ಲಿಯವರೆಗೂ ನಾನು ಈ ಬಗ್ಗೆ ಯೋಚಿಸಿಯೇ ಇರಲಿಲ್ಲ. ನಮ್ಮ ಭಾಷೆ ಮೀನಿನ ಮೂಳೆಗೆ ಗಿಡದ ಮುಳ್ಳಿನ ಹೆಸರು ಕೊಟ್ಟಿದೆ, ಮಗು ಅದನ್ನು ನಂಬಿದೆ. ಮರುದಿನ ಮನೆಯಿಂದ ಬೇಯಿಸಿದ ಬಂಗುಡೆಯ ನಡುಮುಳ್ಳನ್ನು ತೊಳೆದು ಒಣಗಿಸಿ ತಂದೆ. ಮಕ್ಕಳು ಅದರ ಮಣಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ಆಮೇಲೆ ಮುಂದೆ ಕುಳಿತವರ ಬೆನ್ನ ಮೇಲೆ ಬೆರಳಾಡಿಸಿ ಅಲ್ಲಿನ ಮಣಿಗಳನ್ನೂ ಎಣಿಸಿದರು. ತರಗತಿ ತುಂಬ ಕಚಗುಳಿಯ ನಗು. ಬೊಂಡಾಸ್ ಮತ್ತು ಸೀಗಡಿಯಲ್ಲಿ ಅಂಥ ಮಣಿಸರ ಇಲ್ಲ ಎಂದು ಹೇಳುವ ಕೆಲಸವೇ ನನಗೆ ಉಳಿಯಲಿಲ್ಲ, ಮನೆಯಲ್ಲಿ ತಿಂದವರೇ ಹೇಳಿದರು.

ಇನ್ನೊಂದು ಹೆಸರು ನೋಡಿ: ಕಪ್ಪೆಚಿಪ್ಪು. ಕಪ್ಪೆಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೆ ಎರಡು ಮಕ್ಕಳು ಅದನ್ನು ಕಪ್ಪೆ ಬಿಟ್ಟುಹೋದ ಮನೆ ಎಂದು ನಂಬಿದ್ದರು.

ಇಬ್ಬರು ಮಕ್ಕಳ ತಂದೆ (ಬೆಂಗಳೂರು)

ಕ್ಷಮಿಸಿ, ಪೋಷಕನಾಗಿ ಒಂದು ಮಾತು. ನಾವು ಮಕ್ಕಳನ್ನು ಆಂಗ್ಲ ವಿಭಾಗಕ್ಕೆ ಸೇರಿಸುವುದು ಮುಂದೆ ಪಿಯುಸಿಯಲ್ಲಿ ಕಷ್ಟಪಡಬಾರದು ಎಂದು. ವರ್ಟಿಬ್ರೇಟ್, ಮ್ಯಾಮಲ್, ರೆಪ್ಟೈಲ್ ಎಂದೇ ಮೊದಲಿನಿಂದ ಕಲಿಸಿದರೆ ಈ ಹುಳು, ಮುಳ್ಳುಗಳ ಗೊಂದಲವೇ ಹುಟ್ಟುವುದಿಲ್ಲವಲ್ಲ? ಕಶೇರುಕ, ಸರೀಸೃಪ ಎಂಬ ಪದಗಳೂ ಮಕ್ಕಳ ಮನೆಯ ಮಾತೇನಲ್ಲ. ಎರಡೂ ಹೊಸವೇ ಆಗಿರುವಾಗ ಎರಡೆರಡು ಹೊರೆ ಏಕೆ ಹೊರಿಸಬೇಕು? ನಾನು ಕನ್ನಡದ ವಿರೋಧಿಯಲ್ಲ. ನಾನೇ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನ ಮೊದಲ ವರ್ಷ ಪಟ್ಟ ಪಾಡು ಮರೆತಿಲ್ಲ.

ಕೃಷ್ಣಾತೀರ (ರಾಯಚೂರು ಕಡೆ, ಉರ್ದು ಮತ್ತು ಕನ್ನಡ ಶಾಲೆಗಳಲ್ಲಿ ಅನುಭವ)

ತಂದೆಯವರೇ, ನಿಮ್ಮ ನೋವು ನಿಜ. ನಾನೂ ಅದೇ ದಾರಿಯಲ್ಲಿ ಬಂದವನು. ಆದರೆ ಇಂಗ್ಲಿಷ್ ಮಾತ್ರ ಕಲಿಸಿದರೆ ಗೊಂದಲ ಹೋಗುತ್ತದೆ ಎಂಬುದನ್ನು ಒಪ್ಪಲಾರೆ. ಮೇಡಂ ಅವರ ಮೊದಲ ಬರಹದಲ್ಲೇ ಇದೆಯಲ್ಲ, ಸ್ಟಾರ್‌ಫಿಶ್ಶನ್ನು ಮೀನಿನ ಜೊತೆಗಿಟ್ಟವರು ಇಂಗ್ಲಿಷ್ ಹೆಸರು ಬಲ್ಲ ಮಕ್ಕಳೇ. ಸಿಲ್ಕ್‌ವರ್ಮ್ ಎಂದರೂ ಅದರಲ್ಲಿ ವರ್ಮ್ ಇದೆ. ನನ್ನ ಮನೆಮಾತು ದಖನಿ. ನಾವು ರೇಷ್ಮೆಹುಳುವಿಗೆ ರೇಶಮ್ ಕಾ ಕೀಡಾ ಎನ್ನುತ್ತೇವೆ, ಕೀಡಾ ಎಂದರೆ ಹುಳುವೂ ಹೌದು, ಕೀಟವೂ ಹೌದು. ಹೆಸರು ಯಾವ ಭಾಷೆಯಲ್ಲಿದ್ದರೂ ಜನ ಇಟ್ಟಿದ್ದು. ಆಕಾರ ನೋಡಿ, ರುಚಿ ನೋಡಿ, ಭಯಬಿದ್ದು ಇಟ್ಟಿದ್ದು.

ಪಾರಿಭಾಷಿಕ ಪದಗಳ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. “ಕಶೇರುಕ” ಎಂದು ಕಪ್ಪುಹಲಗೆಯ ಮೇಲೆ ಬರೆದ ಕೂಡಲೇ ಮಕ್ಕಳ ಮುಖ ಬಾಡುತ್ತದೆ. ನಾನು ಮೊದಲ ಎರಡು ವಾರ “ಬೆನ್ನುಮೂಳೆ ಇರುವವು, ಇಲ್ಲದವು” ಎಂದಷ್ಟೇ ಹೇಳುತ್ತೇನೆ. ಗುಂಪು ಕೈಗೆ ಬಂದ ಮೇಲೆ ಅದಕ್ಕೆ ಎರಡು ಚೀಟಿ ಅಂಟಿಸುತ್ತೇನೆ, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಆಗ ಎರಡು ಹೊರೆ ಎನಿಸುವುದಿಲ್ಲ, ಗೊತ್ತಿರುವ ಪ್ರಾಣಿಗೆ ಎರಡು ಅಡ್ಡಹೆಸರು ಇದ್ದಂತೆ.

ನನ್ನನ್ನು ತುಂಬ ಕಾಡಿದ ಪದ “ಉಭಯವಾಸಿ”. ಅರ್ಥ ಸುಲಭ, ಪತ್ರಲೇಖನದಲ್ಲಿ ಮಕ್ಕಳು “ಉಭಯ ಕುಶಲೋಪರಿ” ಎಂದು ಬರೆದವರೇ. ಎರಡು ಕಡೆ ವಾಸ ಮಾಡುವುದು ಎಂದು ಬಿಡಿಸಿ ಹೇಳಿದೆ. ಪರೀಕ್ಷೆಯಲ್ಲಿ ಇಡೀ ತರಗತಿ ಉಭಯವಾಸಿಗೆ ಉದಾಹರಣೆ ಕೊಟ್ಟಿದ್ದು ಮೊಸಳೆ! ಕೃಷ್ಣೆಯ ದಡದ ಮಕ್ಕಳು, ಮೊಸಳೆ ಬಂಡೆಯ ಮೇಲೆ ಬಿಸಿಲು ಕಾಯಿಸುವುದನ್ನೂ ನೀರಿಗಿಳಿಯುವುದನ್ನೂ ಕಣ್ಣಾರೆ ಕಂಡವರು. ಅವರ ತರ್ಕದಲ್ಲಿ ದೋಷವಿಲ್ಲ, ಪದದಲ್ಲಿ ಇತ್ತು. ಈಗ ನಾನು “ಉಭಯಜೀವಿ” ಎನ್ನುತ್ತೇನೆ, ಎರಡು ಬದುಕು. ಗೊದಮೊಟ್ಟೆಯಾಗಿದ್ದಾಗ ಕಿವಿರಿನಿಂದ ಉಸಿರಾಡುವ ಬದುಕು, ಕಪ್ಪೆಯಾದ ಮೇಲೆ ಶ್ವಾಸಕೋಶ ಮತ್ತು ಒದ್ದೆ ಚರ್ಮದಿಂದ ಉಸಿರಾಡುವ ಬದುಕು. ಮೊಸಳೆ ಮರಿ ಮೊಟ್ಟೆಯಿಂದ ಹೊರಬರುವಾಗಲೇ ಪುಟ್ಟ ಮೊಸಳೆ, ಮೊದಲ ದಿನದಿಂದ ಶ್ವಾಸಕೋಶದಲ್ಲೇ ಉಸಿರಾಟ. ಇದನ್ನು ಹೇಳಿದ ಮೇಲೆ ಮೊಸಳೆ, ಆಮೆ, ಬಾತುಕೋಳಿ ಮೂರೂ ಆ ಗುಂಪಿನಿಂದ ತಾವಾಗಿ ಎದ್ದುಹೋದವು.

ಹಳೆಯ ಪ್ರಯೋಗಶಾಲೆ

ಕೃಷ್ಣಾತೀರದವರು ಹೇಳಿದ್ದು ಬಹಳ ಸರಿ. ಇಂಗ್ಲಿಷಿನ ಆಂಫಿಬಿಯನ್ ಪದಕ್ಕೂ ಗ್ರೀಕ್ ಮೂಲದಲ್ಲಿ ಎರಡು ಬದುಕು ಎಂದೇ ಅರ್ಥ. ರೆಪ್ಟೈಲ್ ಎಂದರೆ ತೆವಳುವುದು, ಸರೀಸೃಪ ಎಂದರೂ ಅದೇ. ಮ್ಯಾಮಲ್ ಪದವನ್ನು ಲಿನೇಯಸ್ ಕಟ್ಟಿದ್ದು ಸ್ತನ ಎಂಬರ್ಥದ ಲ್ಯಾಟಿನ್ ಪದದಿಂದ, ನಮ್ಮ ಸಸ್ತನಿಯಲ್ಲಿರುವುದೂ ಸಂಸ್ಕೃತದ ಸ್ತನವೇ. ಎರಡು ಭಾಷೆಯ ಪದಗಳನ್ನು ಒಟ್ಟಿಗೆ ಬಿಡಿಸಿದರೆ ಒಂದು ಇನ್ನೊಂದಕ್ಕೆ ಆಸರೆಯಾಗುತ್ತದೆ. ಬೆಂಗಳೂರಿನ ತಂದೆಯವರು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು.

ಡಲ್ಲಾಸ್‌ನ ಅಮ್ಮ

ಇಲ್ಲಿ ನಮ್ಮದು ತಿರುಗುಮುರುಗು. ಮಗಳು ಶಾಲೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುತ್ತಾಳೆ, ಕನ್ನಡ ವಾರಾಂತ್ಯದ ತರಗತಿಯಲ್ಲಿ ಮತ್ತು ಅಜ್ಜಿಯ ಬಳಿ. ಬೇಸಿಗೆಯಲ್ಲಿ ಅಜ್ಜಿ ಬಂದಾಗ ಬಚ್ಚಲಿನ ಮೂಲೆ ತೋರಿಸಿ “ಜೇಡರಹುಳು” ಎಂದರು. ಮಗಳು ಕೂಡಲೇ, “ಅದು ಹುಳು ಅಲ್ಲ ಅಜ್ಜಿ, ಎಂಟು ಕಾಲಿದೆ” ಎಂದಳು. ಅಜ್ಜಿಯ ಮುಖ ಸಣ್ಣದಾಯಿತು, ನನಗೆ ಸಂಕಟವಾಯಿತು. ಮಗು ಹೇಳಿದ್ದು ಸರಿ, ಅಜ್ಜಿ ಹೇಳಿದ್ದೂ ಸರಿ. ಆಮೇಲೆ ಮಗಳಿಗೆ ಹೇಳಿದೆ: ಹುಳು ಎಂಬುದು ಅಜ್ಜಿಯ ಮನೆಯ ಡಬ್ಬಿ, ಇನ್‌ಸೆಕ್ಟ್ ಎಂಬುದು ಟೀಚರ್ ಡಬ್ಬಿ, ಎರಡರ ಅಳತೆ ಬೇರೆ. ಈಗ ಇಬ್ಬರೂ ಸೇರಿ ಅಜ್ಜಿಯ ಡಬ್ಬಿಯಲ್ಲಿರುವ ಹುಳುಗಳ ಪಟ್ಟಿ ಬರೆಯುತ್ತಿದ್ದಾರೆ. ಮಿಂಚುಹುಳು, ಕಂಬಳಿಹುಳು, ಲಾಡಿಹುಳುವಿನವರೆಗೆ ಬಂದಿದ್ದಾರೆ.

ನಲಿಕಲಿ ಮೇಷ್ಟ್ರು (ಹೆಗ್ಗಡದೇವನಕೋಟೆ ಕಡೆ)

ಅಕ್ಕನವರ “ಡಬ್ಬಿ” ನನಗೆ ತುಂಬ ಹಿಡಿಸಿತು. ನಾಳೆಯೇ ಬಳಸುತ್ತೇನೆ.

ನಮ್ಮ ತಾಲ್ಲೂಕಿನಲ್ಲೇ 1995ರಲ್ಲಿ ನಲಿಕಲಿ ಶುರುವಾಗಿದ್ದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಂಥ ಕೋಣೆಯಲ್ಲಿ ನನಗೆ ವರ್ಗೀಕರಣ ಕಲಿಸಿದವನು ಹಾಡಿಯಿಂದ ಬರುವ ಜೇನುಕುರುಬರ ಹುಡುಗ. ಓದುವುದರಲ್ಲಿ ಹಿಂದೆ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದ ಹುಡುಗ. ಜೇನುಹುಳುವಿನ ಚಿತ್ರ ತೋರಿಸಿದಾಗ “ಇದು ಯಾವ ಜೇನು?” ಎಂದು ನನ್ನನ್ನೇ ಕೇಳಿದ. ನನಗೆ ಗೊತ್ತಿರಲಿಲ್ಲ. ಅವನು ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ. ದೊಡ್ಡ ಮರದ ಕೊಂಬೆಗೋ ಬಂಡೆಗೋ ಬಯಲಿನಲ್ಲಿ ಒಂದೇ ದೊಡ್ಡ ಹಲ್ಲೆ (ಜೇನುತಟ್ಟಿ) ಕಟ್ಟಿದರೆ ಹೆಜ್ಜೇನು. ಸಣ್ಣ ಕಡ್ಡಿಗೆ ಅಂಗೈಯಷ್ಟು ಹಲ್ಲೆ ಕಟ್ಟಿದರೆ ಕೋಲುಜೇನು. ಪೊಟರೆಯೊಳಗೆ ಸಾಲುಸಾಲು ಹಲ್ಲೆ ಇದ್ದರೆ ತುಡುವೆ. ನೊಣದಷ್ಟು ಚಿಕ್ಕದು, ಚುಚ್ಚುವುದಿಲ್ಲ, ಅಂಟಿನ ಕೊಳವೆಯ ಬಾಗಿಲು ಮಾಡಿಕೊಂಡಿರುತ್ತದೆ ಎಂದರೆ ಮುಜಂಟಿ. ಎಷ್ಟು ಹಲ್ಲೆ, ಎಲ್ಲಿ ಕಟ್ಟುತ್ತದೆ, ಚುಚ್ಚುತ್ತದೆಯೇ ಎಂಬ ಮೂರು ಪ್ರಶ್ನೆಗಳಲ್ಲಿ ನಾಲ್ಕು ಬಗೆಯನ್ನು ಬೇರ್ಪಡಿಸಿದ. ಕಾಲೇಜಿನಲ್ಲಿ ನಾವು ಗುರುತುಕೀಲಿ ಎಂದು ಓದಿದ್ದು ಇದನ್ನೇ ಅಲ್ಲವೇ ಸರ್? ಅಂದಿನಿಂದ ಪುಸ್ತಕ ತೆರೆಯುವ ಮೊದಲು “ನಿಮ್ಮ ಮನೆಯವರು ಯಾವುದನ್ನು ಹೇಗೆ ಬೇರೆ ಮಾಡುತ್ತಾರೆ?” ಎಂದು ಕೇಳುತ್ತೇನೆ. ಕುರಿ ಕಾಯುವವರ ಮಕ್ಕಳು, ಮೀನು ಹಿಡಿಯುವವರ ಮಕ್ಕಳು ಬಾಯಿ ಬಿಡುವುದು ಆಗಲೇ.

ಮೇಡಂ ಅವರ ಮೈನಾ ಹಕ್ಕಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾವು “ಪ್ರಾಣಿಪಕ್ಷಿಗಳು” ಎಂದು ಜೋಡಿಸಿ ಹೇಳುತ್ತೇವಲ್ಲ, ಆ ಜೋಡಿಯೇ ಮಕ್ಕಳಿಗೆ ಬೇರೆ ಬೇರೆ ಎಂದು ಹೇಳಿಕೊಡುತ್ತದೆ. ಇಂಗ್ಲಿಷ್ ಮಾತನಾಡುವ ಮಕ್ಕಳಲ್ಲೂ ಇದೇ ಇದೆ. ನ್ಯೂಜಿಲೆಂಡಿನ ಬೆವರ್ಲಿ ಬೆಲ್ 1981ರಲ್ಲೇ ಈ ಬಗ್ಗೆ ಬರೆದಿದ್ದಾರೆ, ನಾಲ್ಕು ಕಾಲಿನ ದೊಡ್ಡ ಪ್ರಾಣಿಯನ್ನು ಮಾತ್ರ ಮಕ್ಕಳು ಅನಿಮಲ್ ಎನ್ನುತ್ತಾರೆ ಎಂದು. ನನ್ನನ್ನು ಕೈಹಿಡಿದು ಕಾಪಾಡಿದ್ದು ಕನ್ನಡ ಪದವೇ. ಪ್ರಾಣ ಉಳ್ಳದ್ದು ಪ್ರಾಣಿ. ಮಕ್ಕಳ ಕೈಯನ್ನು ಅವರ ಎದೆಯ ಮೇಲಿಡಿಸಿ, ನಿಮಗೆ ಪ್ರಾಣ ಇದೆಯೇ, ಗುಬ್ಬಿಗೆ ಇದೆಯೇ, ಇರುವೆಗೆ ಇದೆಯೇ ಎಂದು ಕೇಳುತ್ತಾ ಹೋದೆ. ಒಬ್ಬಳು ಮಾತ್ರ “ಹುಣಸೆಮರಕ್ಕೂ ಇದೆ ಸರ್” ಎಂದಳು. ಅವಳು ಹೇಳಿದ್ದೂ ನಿಜ. ಅಲ್ಲಿಂದ “ತನ್ನ ಊಟವನ್ನು ತಾನೇ ತಯಾರಿಸಿಕೊಳ್ಳುತ್ತದೆಯೇ, ಇನ್ನೊಂದನ್ನು ತಿಂದು ಬದುಕುತ್ತದೆಯೇ” ಎಂಬ ಪ್ರಶ್ನೆಗೆ ಹೋದೆವು.

ಇಬ್ಬರು ಮಕ್ಕಳ ತಂದೆ

ಉಪನ್ಯಾಸಕರೇ, ಮೇಷ್ಟ್ರೇ, ಓದಿದೆ. ಮಗನಿಗೆ ನಿನ್ನೆ ರಾತ್ರಿ ಕೇಳಿದೆ, ಹಾವಿಗೆ ಬೆನ್ನುಮೂಳೆ ಇದೆಯೇ ಎಂದು. ಅವನು ವರ್ಟಿಬ್ರೇಟ್ ಪದದ ಕಾಗುಣಿತ ತಪ್ಪಿಲ್ಲದೆ ಹೇಳಿದ. ಹಾವಿಗೆ ಮೂಳೆ ಇಲ್ಲ, ಅದಕ್ಕೇ ಬಳುಕುತ್ತದೆ ಎಂದ. ಇದನ್ನು ಹೇಗೆ ತಿಳಿಸಿಕೊಡಲಿ?

ಕೃಷ್ಣಾತೀರ

ಸೈಕಲ್ ಚೈನು ತೋರಿಸಿ ಸರ್. ಕಬ್ಬಿಣದ್ದು, ಆದರೂ ಬಳುಕುತ್ತದೆ, ಏಕೆಂದರೆ ಸಣ್ಣ ಸಣ್ಣ ತುಂಡುಗಳು ಒಂದಕ್ಕೊಂದು ಕೂಡಿವೆ. ಹಾವಿನ ಬೆನ್ನಿನಲ್ಲಿ ಅಂಥ ಇನ್ನೂರಕ್ಕೂ ಹೆಚ್ಚು ತುಂಡುಗಳಿವೆ. ನಿಮಗೂ ಮಗನಿಗೂ ಕೈ ಮಸಿಯಾಗುತ್ತದೆ, ಆದರೆ ಮರೆಯುವುದಿಲ್ಲ.

ಹಿಪ್ಪುನೇರಳೆ (ಮೂರು ವಾರಗಳ ನಂತರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಮಾಡಿದ್ದನ್ನು ಹೇಳುತ್ತೇನೆ.

ಮೊದಲ ದಿನ ಹೆಸರುಗಳನ್ನಷ್ಟೇ ತೆಗೆದುಕೊಂಡೆವು. ಒಂದೊಂದು ಪ್ರಾಣಿಗೂ ಕನ್ನಡ, ತೆಲುಗು, ಇಂಗ್ಲಿಷ್ ಹೆಸರು ಬರೆದು, ಆ ಹೆಸರು ಅದನ್ನು ಯಾರ ನೆಂಟ ಎನ್ನುತ್ತದೆ ಎಂದು ಮಕ್ಕಳೇ ಬರೆದರು. ಎರೆಹುಳುವಿನ ಸಾಲಿನಲ್ಲಿ ಕನ್ನಡ “ಹುಳುವಿನ ನೆಂಟ” ಎಂದಿತು, ತೆಲುಗು “ಹಾವಿನ ನೆಂಟ” ಎಂದಿತು. ಹಾಗಾದರೆ ಯಾರನ್ನು ನಂಬೋಣ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, “ಎರೆಹುಳುವನ್ನೇ ಕೇಳೋಣ ಮಿಸ್” ಎಂದ.

ಎರಡನೆಯ ದಿನ ಅದನ್ನೇ ಮಾಡಿದೆವು. ಶಾಲೆಯ ಕೈತೋಟದಿಂದ ಎರೆಹುಳುಗಳನ್ನು ತಂದು ಒದ್ದೆ ಅಂಗೈ ಮೇಲಿಟ್ಟುಕೊಂಡೆವು. ಬೆನ್ನುಮೂಳೆಯ ಮಣಿ ಸಿಗಲಿಲ್ಲ, ಉಂಗುರಗಳು ಸಿಕ್ಕವು. ಒಂದನ್ನು ಕ್ಷಣಕಾಲ ಕಾಗದದ ಮೇಲೆ ಹರಿಯಲು ಬಿಟ್ಟು ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು. ಅದರ ಹೊಟ್ಟೆಯಡಿಯ ಸಣ್ಣ ಬಿರುಗೂದಲುಗಳು ಕಾಗದಕ್ಕೆ ತಾಗಿ ಸರಸರ ಎನ್ನುವುದು ಕೇಳಿಸಿತು. ನನ್ನ ಮೂವತ್ತು ಮಕ್ಕಳು ಅಷ್ಟು ಹೊತ್ತು ಸದ್ದಿಲ್ಲದೆ ಕುಳಿತಿದ್ದನ್ನು ನಾನು ಬೇರೆಂದೂ ಕಂಡಿಲ್ಲ. ಬಸವನಹುಳುವನ್ನು ಗಾಜಿನ ತುಂಡಿನ ಮೇಲೆ ಬಿಟ್ಟು ಕೆಳಗಿನಿಂದ ನೋಡಿದೆವು. ಕಾಲೇ ಇಲ್ಲ, ಇಡೀ ಹೊಟ್ಟೆಯೇ ಒಂದು ಪಾದ, ಅದರ ಮೇಲೆ ಅಲೆಯ ಮೇಲೆ ಅಲೆ ಸಾಗುತ್ತದೆ. ಕೊಂಬಿರುವುದರಿಂದ ಬಸವ ಎಂದು ಹೆಸರು ಬಂದಿರಬೇಕು ಎಂದು ಮಕ್ಕಳೇ ಊಹಿಸಿದರು. ನೋಡಿ ಮುಗಿದ ಮೇಲೆ ಎಲ್ಲವನ್ನೂ ತೋಟಕ್ಕೆ ಬಿಟ್ಟು ಕೈ ತೊಳೆದುಕೊಂಡೆವು. ಕಂಬಳಿಹುಳುವನ್ನು ಮಾತ್ರ ಯಾರೂ ಮುಟ್ಟಬಾರದು ಎಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದೆ. ಒಬ್ಬ ನಕ್ಷತ್ರ ಆಮೆ ತರುತ್ತೇನೆ ಎಂದು ಹೊರಟಿದ್ದ, 1972ರ ವನ್ಯಜೀವಿ ಕಾಯ್ದೆಯ ಬಗ್ಗೆ ತಿಳಿಸಿ ತಡೆದೆ.

ಹುಳುಗಳ ರಾಶಿ ಈಗ ನಾಲ್ಕು ರಾಶಿಯಾಗಿದೆ. ಗೋಡೆಯ ಮೇಲೆ ಅಜ್ಜಿಯ ಡಬ್ಬಿಯೂ ಇದೆ, ಅದನ್ನು ತೆಗೆಯಲಿಲ್ಲ.

ಆ ಹುಡುಗಿಯ ತಂದೆ ಗೂಡುಗಳನ್ನು ಮಾರುಕಟ್ಟೆಗೆ ಒಯ್ಯುವ ಮೊದಲು ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ) ಒಂದನ್ನು ಬಿಡಿಸಿ ಅವಳ ಕೈಗೆ ಕೊಟ್ಟಿದ್ದರು. ಬೆಂಕಿಪೆಟ್ಟಿಗೆಯಲ್ಲಿಟ್ಟು ದಿನವೂ ಶಾಲೆಗೆ ತರುತ್ತಿದ್ದಳು. ಮೊನ್ನೆ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗೂಡಿನ ತುದಿ ಒದ್ದೆಯಾಗಿ, ಮುದುರಿದ ರೆಕ್ಕೆಯ ಬಿಳಿ ಚಿಟ್ಟೆ ಹೊರಬಂತು. ಅವಳು ಎಣಿಸಿದಳು. ಆಮೇಲೆ ಪಕ್ಕದವಳಿಗೂ ಎಣಿಸಲು ಹೇಳಿದಳು. ಆರು ಎಂದು ಇಬ್ಬರೂ ಒಪ್ಪಿದ ಮೇಲೆ, “ಉಳಿದ ಹತ್ತು ಗೂಡಿನೊಳಗೆ ಬಿದ್ದಿವೆಯೇ ನೋಡೋಣ ಮಿಸ್” ಎಂದು ಬ್ಲೇಡು ಕೇಳಿದಳು. ನಾನೇ ಕತ್ತರಿಸಿಕೊಟ್ಟೆ. ಒಳಗೆ ಹುಳು ಕಳಚಿಟ್ಟ ಸುಕ್ಕುಸುಕ್ಕಾದ ಚರ್ಮ ಸಿಕ್ಕಿತು, ಕಂದು ಬಣ್ಣದ ಖಾಲಿ ಕೋಶ ಸಿಕ್ಕಿತು. ಅವೆರಡೂ ಈಗ ನೋಟುಪುಸ್ತಕದ ಪುಟಕ್ಕೆ ಅಂಟಿವೆ, ಪಕ್ಕದಲ್ಲಿ ಮೂರು ಭಾಷೆಯ ಹೆಸರುಗಳು.

ಕಪ್ಪೆಯ ಪಾಠ ಇನ್ನೂ ಬಾಕಿ. ನಮ್ಮೂರ ಕುಂಟೆ (ಸಣ್ಣ ಕೆರೆ) ಒಣಗಿದೆ, ಗೊದಮೊಟ್ಟೆಗೆ ಮಳೆಯನ್ನೇ ಕಾಯಬೇಕು. ಉಡುಪಿಯ ಟೀಚರ್, ನಿಮ್ಮಲ್ಲಿ ಮಳೆ ಮೊದಲು ಬರುತ್ತದೆ. ಕಾಲು ಮೂಡುವ ದಿನಗಳ ಚಿತ್ರ ತೆಗೆದು ಕಳುಹಿಸುತ್ತೀರಾ?

ಮೀನುಪೇಟೆ

ಖಂಡಿತ ಟೀಚರ್. ಶಾಲೆಯ ಬಾವಿಯ ಪಕ್ಕದ ಹೊಂಡಕ್ಕೆ ಪ್ರತಿ ವರ್ಷ ಬರುತ್ತವೆ. ಮಕ್ಕಳಿಗೆ ಈಗಲೇ ಹೇಳಿಡುತ್ತೇನೆ. ನಿಮ್ಮ ಮಕ್ಕಳಿಂದ ನಮಗೊಂದು ಖಾಲಿ ಗೂಡು ಬೇಕು. ನಮ್ಮಲ್ಲಿ ಯಾರೂ ರೇಷ್ಮೆಗೂಡನ್ನು ಮುಟ್ಟಿ ನೋಡಿಲ್ಲ.